ಶ್ರೀ ಬೇಡವೆಂದ ಆಫೀಸರು

ನುಗ್ಗೇಹಳ್ಳಿ ಹೋಬಳಿಯಲ್ಲಿ ಯಾವ ಸಮಾರಂಭ ನಡೆದರೂ ಶಾಮಿಯಾನ ಪುಟ್ಟರಾಜುವಿನದು, ಕುರ್ಚಿ ಪುಟ್ಟರಾಜುವಿನದು, ಮೈಕು ಪುಟ್ಟರಾಜುವಿನದು. ಮೈಕಿನ ಹಿಂದಿರುವ ಬಾಯಿಯೂ ಅವನದೇ. ಉಳಿದದ್ದಕ್ಕೆಲ್ಲ ಬಾಡಿಗೆ ತೆಗೆದುಕೊಳ್ಳುತ್ತಿದ್ದವನು ಬಾಯಿಯನ್ನು ಮಾತ್ರ ಪುಕ್ಕಟೆ ಕೊಡುತ್ತಿದ್ದ. ಬೇಡ ಅಂದರೂ ಕೊಡುತ್ತಿದ್ದ.

ಅವನ ಹೆಚ್ಚುಗಾರಿಕೆಯೆಲ್ಲ ಬಿರುದು ಕೊಡುವುದರಲ್ಲಿತ್ತು. ವೇದಿಕೆ ಹತ್ತಿದ ಯಾರನ್ನೂ ಅವನು ಬರಿ ಹೆಸರಿನಲ್ಲಿ ಕೆಳಗಿಳಿಸಿದವನಲ್ಲ. ನ್ಯಾಯಬೆಲೆ ಅಂಗಡಿಯವರು ಅವನ ಬಾಯಲ್ಲಿ 'ಅನ್ನದಾತ'ರಾದರು. ಬೋರ್‌ವೆಲ್ ಲಾರಿಯ ಏಜೆಂಟು 'ಆಧುನಿಕ ಭಗೀರಥ'ನಾದ. ಪಂಚಾಯಿತಿಯ ನಲ್ಲಿ ಬಿಡುವ ಹುಚ್ಚಯ್ಯ 'ಗಂಗಾಪ್ರಿಯ'ನಾದ. ಹಾಗಾದ ವಾರವೆಲ್ಲ ಹೊತ್ತಿಗೆ ಸರಿಯಾಗಿ ನೀರು ಬಿಟ್ಟನೆಂದು ಹೆಂಗಸರು ಈಗಲೂ ನೆನೆಯುತ್ತಾರೆ. ಬಿರುದಿನಿಂದ ಲೋಕಕ್ಕೆ ಉಪಕಾರವಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಹೀಗಿರುವಾಗ ಸೀಮೆಯ ತೆಂಗಿಗೆ ಕಪ್ಪುತಲೆ ಹುಳು ಬಿತ್ತು. ಗರಿಗಳು ಬೆಂಕಿ ಸೋಕಿದಂತೆ ಕಂದಿ, ದೂರದಿಂದ ನೋಡಿದರೆ ತೋಟಕ್ಕೆ ತೋಟವೇ ಪಿಂಚಣಿದಾರರ ಸಭೆಯ ಹಾಗೆ ಕಾಣುತ್ತಿತ್ತು. ಆಗ ಬಂದವರು ತೋಟಗಾರಿಕೆ ಇಲಾಖೆಯ ಹೊಸ ಅಧಿಕಾರಿ, ನೇಸರ. ಗಿಡ್ಡಗೆ ಕತ್ತರಿಸಿದ ಕೂದಲು, ಕಿವಿಯಲ್ಲಿ ಸಣ್ಣ ಓಲೆ, ಮೊಣಕಾಲುದ್ದದ ರಬ್ಬರ್ ಬೂಟು, ಸ್ಕೂಟರಿನ ಮುಂದೆ ಗಾಜಿನ ಕೊಳವೆಗಳ ಪೆಟ್ಟಿಗೆ. ಹತ್ತಿಯಿಂದ ಬಾಯಿ ಮುಚ್ಚಿದ ಆ ಕೊಳವೆಗಳೊಳಗೆ ಇರುವೆಗಿಂತ ಸಣ್ಣ ಕಣಜಗಳು. ಇವನ್ನು ಮರಕ್ಕೆ ಬಿಟ್ಟರೆ ತಾವೇ ಹತ್ತಿ ಹೋಗಿ ಹುಳುವನ್ನು ಹುಡುಕಿ ಮುಗಿಸುತ್ತವೆ ಎಂದು ಅವರು ಹೇಳಿದರು. ಹುಳ ಬಿದ್ದಿದೆ ಎಂದರೆ ಇನ್ನೂ ಒಂದಷ್ಟು ಹುಳ ತಂದು ಬಿಡುತ್ತೇನೆ ಎನ್ನುವವರನ್ನು ಯಾರು ನಂಬುತ್ತಾರೆ? ದೊಡ್ಡ ತೋಟದವರು ಗೇಟು ತೆಗೆಯಲಿಲ್ಲ. ನೇಸರ ಜಗಳವಾಡಲಿಲ್ಲ. ಹಿತ್ತಿಲಲ್ಲಿ ನಾಲ್ಕು ಮರವಿದ್ದ ಮುದುಕಿ ಲಕ್ಕಮ್ಮನ ಮನೆಯಿಂದ ಶುರು ಮಾಡಿದರು. ಆ ಮರಗಳ ಸುಳಿ ಹಸಿರಾದ ಮೇಲೆ ಗೇಟುಗಳು ತಾವಾಗಿ ತೆರೆದುಕೊಂಡವು. ಆಮೇಲೂ ಊರಿಗೆ ಬಂದಾಗಲೆಲ್ಲ ಅವರು ಮೊದಲು ಹೋಗುತ್ತಿದ್ದದ್ದು ಲಕ್ಕಮ್ಮನ ಹಿತ್ತಿಲಿಗೆ, ಆಮೇಲೆ ತೆಂಗು ಬೆಳೆಗಾರರ ಸಂಘದ ಅಧ್ಯಕ್ಷ ನಂಜಯ್ಯನವರ ತೋಟಕ್ಕೆ.

ತೋಟದಲ್ಲಿ ಅವರನ್ನು ಕೆಲವರು 'ಸಾ' ಅನ್ನುತ್ತಿದ್ದರು, ಕೆಲವರು 'ಮೇಡಂ' ಅನ್ನುತ್ತಿದ್ದರು. ಲಕ್ಕಮ್ಮ 'ಕೂಸೇ' ಅನ್ನುತ್ತಿದ್ದಳು. ಯಾವುದಕ್ಕಾದರೂ ಅವರು ತಿರುಗಿ ನೋಡುತ್ತಿದ್ದರು. ಕೂಸೇ ಅಂದಾಗ ಮಾತ್ರ ನಗುತ್ತಿದ್ದರು. ಇದನ್ನು ಯಾರೂ ಗಮನಿಸಲಿಲ್ಲ, ಗಮನಿಸುವ ಅಗತ್ಯವೂ ಬೀಳಲಿಲ್ಲ. ಅಗತ್ಯ ಬಿದ್ದದ್ದು ಅವರಿಗೆ ಸನ್ಮಾನ ಮಾಡಬೇಕೆಂದು ಸಂಘ ತೀರ್ಮಾನಿಸಿದ ಮೇಲೆ.

"ಪುಟ್ಟರಾಜು, ಇದು ಸರಿಯಾಗಿ ಆಗ್ಬೇಕು ಕಣ," ಎಂದರು ನಂಜಯ್ಯ. "ಓದ್ಸಲ ಬ್ಯಾಂಕ್ ಮ್ಯಾನೇಜರ್ರಿಗೆ ಬಡವರ ಬಂಧು ಅಂದ್ಬುಟ್ಟೆ. ಮಾರ್ನೆ ದಿನ ಬಡವರೆಲ್ಲ ಬ್ಯಾಂಕ್ ಮುಂದೆ ಸಾಲು ನಿಂತ್ಕಂಡು, ಆ ಮನುಷ್ಯ ವರ್ಗ ಮಾಡಿಸ್ಕಂಡು ಓಡೋದ. ಈ ಸಲ ಏನಾರ ಎಡವಟ್ಟಾದ್ರೆ, ಮುಂದ್ಕೆ ಹಾಸನದಿಂದ ಮಾತಾಡೋರ್ನ ಕರಿಸ್ತೀನಿ ನೋಡು."

ಮೈಕು ಹೋದರೆ ಪುಟ್ಟರಾಜುವಿನ ಬಳಿ ಉಳಿಯುವುದು ಬರಿ ಕುರ್ಚಿಗಳು.

ಅದೇ ಸಂಜೆ ನೇಸರ ಅವರೇ ಫೋನು ಮಾಡಿದರು.

"ಪುಟ್ಟರಾಜಣ್ಣ, ಒಂದು ಮಾತು. ನನ್ನ ಹೆಸರಿನ ಜೊತೆ ಶ್ರೀ, ಶ್ರೀಮತಿ, ಕುಮಾರಿ ಯಾವುದೂ ಹಾಕ್ಬೇಡಿ. ಬರೀ ನೇಸರ ಅಂದ್ರೆ ಸಾಕು. ಅರಕಲಗೂಡಿಂದ ನಮ್ಮವ್ವ ಬರ್ತಿದ್ದಾರೆ. ನನ್ನ ಯಾವ ಕಾರ್ಯಕ್ರಮಕ್ಕೂ ಬಂದೋರಲ್ಲ, ಇದೇ ಮೊದಲು. ಅವರೆದುರಿಗೆ ನಾನಲ್ಲದ್ದು ಏನೋ ಆಗಿ ವೇದಿಕೆ ಮೇಲೆ ಕೂರೋಕೆ ಮನಸ್ಸಿಲ್ಲ. ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡಿ, ನಾನು ಬರಲ್ಲ. ಬೇಜಾರೇನೂ ಮಾಡ್ಕೊಳಲ್ಲ."

"ಆಯ್ತು ಸಾ. ಅಲ್ಲ, ಆಯ್ತು ಮೇಡಂ. ಅಂದ್ರೆ, ಆಯ್ತು," ಎಂದು ಪುಟ್ಟರಾಜು ಫೋನು ಇಟ್ಟ.

ಮಾತು ಇಷ್ಟು ಸರಳವಾಗಿತ್ತು. ಆದರೆ ಪುಟ್ಟರಾಜು ಅನುಭವಸ್ಥ. ಅವನು ಕಂಡಂತೆ 'ಬೇಡ' ಅಂದವರೆಲ್ಲ 'ಇನ್ನೂ ದೊಡ್ಡದು ಬೇಕು' ಅಂದವರೇ. ಆ ಬೋರ್‌ವೆಲ್ ಏಜೆಂಟು ಮೊದಲ ವರ್ಷ 'ನಂಗ್ಯಾಕಣ್ಣ ಇವೆಲ್ಲ' ಅಂದಿದ್ದ. ಅದನ್ನು ನಂಬಿ ಬರಿ ಹೆಸರು ಕೂಗಿದ್ದಕ್ಕೆ ಊಟಕ್ಕೂ ನಿಲ್ಲದೆ ಹೋದವನು, ಮರುವರ್ಷ ಭಗೀರಥನಾದ ಮೇಲೇ ಎಲೆಯ ಮುಂದೆ ಕೂತದ್ದು.

"ತಾಯಿ ಬತ್ತಾವ್ರೆ ಕಣೇ," ಎಂದು ಅವನು ಹೆಂಡತಿ ನಾಗಲಕ್ಷ್ಮಿಗೆ ಬಿಡಿಸಿ ಹೇಳಿದ. "ತಾಯಿ ಮುಂದೆ ಬರೀ ಶ್ರೀ ಅಂದ್ರೆ ಏನ್ ಮರ್ವಾದೆ? ಶ್ರೀ ಈಗ ಕರೆಂಟ್ ಬಿಲ್ ಮೇಲೂ ಇರ್ತದೆ. ದೊಡ್ಡದು ಕೇಳ್ತಾವ್ರೆ, ಬಾಯ್ಬುಟ್ಟು ಕೇಳಕ್ಕೆ ನಾಚ್ಕೆ."

ನಾಗಲಕ್ಷ್ಮಿ ಕಾಯಿ ತುರಿಯುತ್ತಿದ್ದಳು. "ಬ್ಯಾಡ ಅಂದವ್ರೆ ಅಂದ್ಮೇಲೆ ಬ್ಯಾಡ ಅಂತಲೇ ಇರ್ಬೈದಲ್ಲ."

ಪುಟ್ಟರಾಜು ಅವಳನ್ನು ಕರುಣೆಯಿಂದ ನೋಡಿದ. "ನಿಂಗೆ ವೇದಿಕೆ ಅನುಭವ ಇಲ್ಲ," ಎಂದ.

ಮರುದಿನವೇ ಚನ್ನರಾಯಪಟ್ಟಣಕ್ಕೆ ಹೋಗಿ ಫ್ಲೆಕ್ಸ್ ಅಂಗಡಿಯ ದಿಲೀಪನ ಮುಂದೆ ಕೂತು ಬಿರುದುಗಳನ್ನು ಹೇಳುತ್ತ ಹೋದ. ಕಲ್ಪವೃಕ್ಷ ಸಂಜೀವಿನಿ. ಹುಳುಸಂಹಾರ ಧುರೀಣ. ತೆಂಗುನಾಡಿನ ಹೊಂಬೆಳಕು. ದಿಲೀಪ ಎಲ್ಲವನ್ನೂ ಟೈಪು ಮಾಡಿಕೊಂಡು ಕೇಳಿದ:

"ಜೆಂಟ್ಸಾ ಲೇಡೀಸಾ ಅಣ್ಣ?"

"ಯಾಕ್ಲಾ?"

"ಜೆಂಟ್ಸ್ ಆದ್ರೆ ಹಿಂದ್ಗಡೆ ಸಿಂಹ ಹಾಕ್ತೀವಿ. ಲೇಡೀಸ್ ಆದ್ರೆ ನವಿಲು."

ಪುಟ್ಟರಾಜು ವರ್ಷವಿಡೀ ನೋಡಿದ ಮುಖ. ಆದರೆ ಸಿಂಹವೋ ನವಿಲೋ ಎಂಬ ದೃಷ್ಟಿಯಿಂದ ಅವನು ಎಂದೂ ನೋಡಿರಲಿಲ್ಲ.

"ಆಪೀಸರ್ರು ಕಣ," ಎಂದ ಕೊನೆಗೆ.

"ಆಫೀಸರ್ ಆದ್ರೆ ವಿಧಾನಸೌಧ," ಎಂದು ದಿಲೀಪ ನಿರಾಳವಾಗಿ ವಿಧಾನಸೌಧ ಹಾಕಿದ. ಆಮೇಲೆ ತಲೆಯೆತ್ತಿ, "ಅವ್ರನ್ನೇ ಒಂದ್ಮಾತು ಕೇಳ್ಬುಡಣ್ಣ. ಹಾಸನದಲ್ಲಿ ನಮ್ ಕಾಲೇಜಲ್ಲಿ ಒಬ್ರಿದ್ರು, ನಾನು ಹುಡುಗರ ಕಡೆನೂ ಅಲ್ಲ ಹುಡುಗೀರ ಕಡೆನೂ ಅಲ್ಲ ಅಂತಿದ್ರು. ಏನಂತ ಕರೀಬೇಕು ಅಂತ ನಾವು ಕೇಳ್ದೋ, ಅವ್ರು ಹೇಳುದ್ರು, ಮುಗೀತು. ಆಮೇಲೆ ಕ್ಯಾಂಟೀನಿಗೆ ಹೋದೋ," ಎಂದ.

"ಸನ್ಮಾನಕ್ಕೆ ಬರೋರ್ನ ಕೇಳ್ತಾರೇನ್ಲಾ? ಮದ್ವೆ ಗಂಡಿನ ಕೈಗೆ ಸೌಟು ಕೊಟ್ಟು ನೀನೇ ಬಡ್ಸ್ಕೋ ಅಂದಂಗಾಯ್ತದೆ."

ಆದರೂ ಒಂದು ಮಾತಿಗೆ ಇರಲಿ ಎಂದು ದಿಲೀಪ ಆ ಚಿತ್ರವನ್ನು ಪುಟ್ಟರಾಜುವಿನ ಫೋನಿನಿಂದಲೇ ನೇಸರ ಅವರಿಗೆ ಕಳಿಸಿದ. ಟೀ ಲೋಟ ಖಾಲಿಯಾಗುವ ಮೊದಲೇ ಉತ್ತರ ಬಂತು. "ದಯವಿಟ್ಟು ಇದೆಲ್ಲ ಬೇಡ. ದೊಡ್ಡ ಬಿರುದು ಬೇಕು ಅಂತ ನಾನು ಹೇಳಿದ್ದಲ್ಲ. ನನ್ನನ್ನು ಗಂಡಸು ಅಂತಲೂ ಕರೆಯಬೇಡಿ, ಹೆಂಗಸು ಅಂತಲೂ ಕರೆಯಬೇಡಿ. ನಾನು ಎರಡೂ ಅಲ್ಲ. ಅಷ್ಟೇ."

"ನೋಡು, ಬರ್ದೇ ಬುಟ್ಟವ್ರೆ," ಎಂದು ದಿಲೀಪ ಬೇರೆ ಕೆಲಸ ಹಿಡಿದ. ಅವನ ಪಾಲಿಗೆ ಅದು ಅಲ್ಲಿಗೆ ಮುಗಿಯಿತು.

ಪುಟ್ಟರಾಜುವಿನ ಪಾಲಿಗೆ ಅಲ್ಲಿಂದ ಶುರುವಾಯಿತು. ಬಸ್ಸಿನಲ್ಲಿ ಅದನ್ನು ಓದಿದ, ಕಿಟಕಿಯಾಚೆ ನೋಡಿದ, ಮತ್ತೆ ಓದಿದ. ನುಗ್ಗೇಹಳ್ಳಿ ಇನ್ನೇನು ಬಂತು ಅನ್ನುವಾಗ ತಲೆಯೊಳಗೆ ದೀಪ ಹತ್ತಿಕೊಂಡಿತು. ಯಾರನ್ನು ನಾವು ಶ್ರೀ ಅನ್ನುವುದಿಲ್ಲ, ಶ್ರೀಮತಿಯೂ ಅನ್ನುವುದಿಲ್ಲ? ಮೂರು ಮೂರು ಶ್ರೀ ಹಾಕಿ ಕರೆಯಬೇಕಾದವರನ್ನು. ಇಳಿದವನೇ ನಂಜಯ್ಯನವರ ಜಗಲಿಗೆ ಓಡಿದ.

"ಅಧ್ಯಕ್ಷರೇ, ಕಾವಿ," ಎಂದ ಏದುಸಿರಿನಲ್ಲಿ. "ಆಪೀಸರ್ರು ಸನ್ಯಾಸ ತಗೊಂತಾವ್ರೆ."

ನಂಜಯ್ಯ ಸಂದೇಶವನ್ನು ತೋಳುದ್ದ ದೂರ ಹಿಡಿದು ಓದಿದರು. ಅವರಿಗೂ ಮೊದಲು ಅರ್ಥವಾಗಲಿಲ್ಲ. ಆಮೇಲೆ ಪುಟ್ಟರಾಜು ಹೇಳಿದ್ದೇ ಅರ್ಥವಾಗತೊಡಗಿತು.

"ಮದ್ವೆ ಆಗಿಲ್ಲ, ನಿಜ," ಎಂದರು.

"ಕೂದ್ಲು ನೋಡಿದ್ರಲ್ಲ."

"ನಮ್ಮನೇಲಿ ಕೋಳಿ ಮಾಡಿದ್ ದಿನ ಬರೀ ಮೊಸ್ರನ್ನ ಉಂಡ್ರು ಕಣ. ಹೊಟ್ಟೆ ಸರಿ ಇಲ್ಲ ಅಂದ್ರು."

"ಮತ್ತೇನು ನಾನು ವ್ರತ ಹಿಡಿದಿವ್ನಿ ಅಂತ ತಮಟೆ ಹೊಡೀತಾರಾ? ಅದೂ ಅಲ್ದೆ ತಾಯೀನ ಕರಿಸ್ತಾವ್ರೆ. ಸನ್ಯಾಸಕ್ಕೆ ತಾಯಿ ಒಪ್ಗೆ ಬೇಕಲ್ಲ."

ನಂಜಯ್ಯ ಅಂಗಳದ ತೆಂಗಿನ ಮರದ ಕಡೆ ತಿರುಗಿದರು. "ಅಂಗಾದ್ರೆ ಮುಂದಿನ್ಸಲ ಹುಳ ಬಿದ್ರೆ," ಎಂದರು ಸಣ್ಣ ದನಿಯಲ್ಲಿ, "ಕಣಜ ಬುಡೋರ್ಯಾರ್ಲಾ?"

ಮನೆಯಲ್ಲಿ ನಾಗಲಕ್ಷ್ಮಿ ಇನ್ನೊಂದು ಸಲ ಫೋನು ಮಾಡಿ ಕೇಳಿ ಎಂದಳು. "ಸ್ವಾಮಿಗಳಿಗೆ ಪೋನ್ ಮಾಡಿ, ತಾವು ಸ್ವಾಮಿಗಳಾ ಅಂತ ಕೇಳಕ್ಕಾಯ್ತದೇನೇ?" ಎಂದು ಪುಟ್ಟರಾಜು ಹಾಸನದ ಬಸ್ಸು ಹತ್ತಿದ.

ಹಾಸನದಲ್ಲಿ ಸನ್ಮಾನದ ಸಾಮಾನು ಮಾರುವ ಅಂಗಡಿಯವರು ಜನ ಒಳಗೆ ಬಂದ ಕೂಡಲೇ ಕೇಳುವುದು ಒಂದೇ ಪ್ರಶ್ನೆ.

"ಜೆಂಟ್ಸ್ ಸೆಟ್ಟಾ, ಲೇಡೀಸ್ ಸೆಟ್ಟಾ?"

ಜೆಂಟ್ಸ್ ಸೆಟ್ಟೆಂದರೆ ಮೈಸೂರು ಪೇಟ, ಶಾಲು, ಗಂಧದ ಬಣ್ಣದ ಹಾರ. ಲೇಡೀಸ್ ಸೆಟ್ಟೆಂದರೆ ಅರಿಶಿನ ಕುಂಕುಮ, ಬಳೆ, ರವಿಕೆ ಕಣ, ಒಂದು ಸೀರೆ. ಎರಡೂ ಕವರಿನಲ್ಲಿ ತಯಾರಿರುತ್ತವೆ. ಒಳಗಿನದನ್ನು ಅದಲುಬದಲು ಮಾಡಿ ಕೇಳಿದವರು ಈ ತನಕ ಯಾರೂ ಇಲ್ಲ.

"ಎರಡೂ ಅಲ್ಲ," ಎಂದ ಪುಟ್ಟರಾಜು.

ಅಂಗಡಿಯವನು ಅವನ ಮುಖ ನೋಡಿದ, ಹೊರಗೆ ಬಸ್ ನಿಲ್ದಾಣದ ಕಡೆ ನೋಡಿದ, ಅರ್ಥ ಮಾಡಿಕೊಂಡವನ ಹಾಗೆ ತಲೆಯಾಡಿಸಿದ. "ಹಂಗೇಳಿ ಮತ್ತೆ, ಸ್ವಾಮೀಜಿ ಸೆಟ್ಟು," ಎಂದು ಅಟ್ಟದ ಮೇಲಿನಿಂದ ಕಾವಿ ಶಾಲು, ರುದ್ರಾಕ್ಷಿ ಸರ, ಬೆಳ್ಳಿ ಬಣ್ಣ ಹೊಡೆದ ಒಂದು ಜೊತೆ ಪಾದುಕೆ ಇಳಿಸಿದ. ತನ್ನ ಊಹೆಯನ್ನು ಇಷ್ಟು ದೊಡ್ಡ ಊರಿನ ಅಂಗಡಿಯೇ ಒಪ್ಪಿತಲ್ಲ ಎಂದು ಪುಟ್ಟರಾಜುವಿಗೆ ಸಮಾಧಾನವಾಯಿತು.

ವಾಪಸು ಬರುವ ಬಸ್ಸಿನಲ್ಲಿ ಚೀಲದಿಂದ ಪಾದುಕೆಯ ಉಂಗುಟ ಹೊರಗೆ ಇಣುಕಿತ್ತು. ಪಕ್ಕದ ಹೆಂಗಸು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಯಾವ ಮಠದ್ದು ಸಾಮಿ?"

"ಮಠ ಇನ್ನೂ ಆಗಿಲ್ಲ ಕಣವ್ವ. ಸದ್ಯಕ್ಕೆ ತೋಟಗಾರಿಕೆ ಇಲಾಖೆ."

ಶಾಂತಿಗ್ರಾಮ ದಾಟುವುದರೊಳಗೆ ಆಕೆ ಚೀಲಕ್ಕೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟು ತಾನು ನಿಂತಿದ್ದಳು. ಚನ್ನರಾಯಪಟ್ಟಣದಲ್ಲಿ ಇಳಿದವರು ಸುದ್ದಿಯನ್ನು ನಾಲ್ಕು ದಿಕ್ಕಿಗೆ ಹೊತ್ತುಕೊಂಡು ಹೋದರು. ಸಮಾರಂಭದ ಹಿಂದಿನ ದಿನಕ್ಕೆ ಅದು ಎಷ್ಟು ಬೆಳೆದಿತ್ತೆಂದರೆ, ಹೊಸ ಮಠ ನಂಜಯ್ಯನವರ ತೋಟದಲ್ಲೇ ಕಟ್ಟುತ್ತಾರೆ, ಜಾಗ ಅವರೇ ಬಿಟ್ಟುಕೊಟ್ಟರು ಎಂದು ಜನ ಅವರನ್ನು ಹೊಗಳಲು ಬಂದರು. ನಂಜಯ್ಯ ಬಾಗಿಲು ಹಾಕಿಕೊಂಡರು.

ಇಷ್ಟೆಲ್ಲ ಆಗುವಾಗ ನೇಸರ ಹೊಳೆನರಸೀಪುರದಲ್ಲಿ ಇಲಾಖೆಯ ತರಬೇತಿಯಲ್ಲಿದ್ದರು. ಫ್ಲೆಕ್ಸ್ ಬೇಡ ಅಂದಮೇಲೆ ಪುಟ್ಟರಾಜು 'ತಮ್ಮ ಮಾತು ಪೂರ್ತಿ ಅರ್ಥವಾಯಿತು' ಎಂದು ಉತ್ತರ ಬರೆದಿದ್ದ. ಅವರು ಅದನ್ನು ಓದಿ, ಹಗುರಾಗಿ, ಅವ್ವನಿಗೆ ಬಸ್ಸಿನ ಹೊತ್ತು ತಿಳಿಸಿದ್ದರು.

ಸಮಾರಂಭದ ದಿನ ಶಾಲೆಯ ಮೈದಾನಕ್ಕೆ ಹಸಿರು ಗರಿಯ ಚಪ್ಪರ. ವೇದಿಕೆಯ ಮೇಲೆ ದೊಡ್ಡ ಕುರ್ಚಿ, ಕುರ್ಚಿಗೆ ಕಾವಿ ಶಾಲು, ಮುಂದೆ ತಾಮ್ರದ ತಟ್ಟೆಯಲ್ಲಿ ದಾಸವಾಳ ಮುಡಿದ ಪಾದುಕೆ. ನೇಸರ ಊರಿಗೇನೋ ಬಂದಿದ್ದರು. ಅಭ್ಯಾಸಬಲದಿಂದ ಮೊದಲು ಲಕ್ಕಮ್ಮನ ಹಿತ್ತಿಲಿಗೆ ಹೋದವರು, ಅಲ್ಲೊಂದು ಗರಿ ಕಂದಿದ್ದು ಕಂಡು ಅಲ್ಲೇ ನಿಂತುಬಿಟ್ಟಿದ್ದರು.

ಅಷ್ಟರಲ್ಲಿ ಅರಕಲಗೂಡಿನಿಂದ ಅವರ ತಾಯಿ ಬೆಟ್ಟಮ್ಮ ಬಂದು ಇಳಿದರು. ಒಗೆದು ಮಡಿಸಿಟ್ಟಿದ್ದ ಸೀರೆ, ಕೈಯಲ್ಲೊಂದು ಬುತ್ತಿಯ ಚೀಲ. ಚಪ್ಪರದ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಹೆಂಗಸರನ್ನು, "ಆಪೀಸರ್ರ ಕಾರ್ಯಕ್ರಮ ಇದೇಯಾ? ನಾನು ಅವ್ರವ್ವ," ಎಂದು ಕೇಳಿದರು.

ಕೇಳಿದ್ದೇ ತಡ, ಹೆಂಗಸರು ಒಬ್ಬರ ಮೇಲೊಬ್ಬರು ಅವರ ಕಾಲಿಗೆ ಬಿದ್ದರು. "ಪುಣ್ಯವಂತೆ ಕಣವ್ವ ನೀನು, ಸ್ವಾಮಿಗಳ್ನ ಹೆತ್ತಿದ್ದೀಯ," ಎಂದರು. "ಸನ್ಯಾಸಕ್ಕೆ ಒಪ್ಗೆ ಕೊಡಕ್ಕೆ ಬಂದ್ಯಾ?" ಎಂದರು.

ಬೆಟ್ಟಮ್ಮನ ಕೈಯಿಂದ ಬುತ್ತಿ ಜಾರಿತು. ಯಾರೋ ಎತ್ತಿಕೊಟ್ಟರು. ಅವರು ಅದನ್ನು ಎದೆಗೊತ್ತಿಕೊಂಡು ನೆಟ್ಟಗೆ ವೇದಿಕೆಯ ಬುಡಕ್ಕೆ ಬಂದರು. ಪುಟ್ಟರಾಜು ಆಗತಾನೇ ಸ್ವಾಗತ ಶುರು ಮಾಡಿದ್ದ. ಮಹಾತಾಯಿ ಬಂದರೆಂದು ತಿಳಿದು, ಮೈಕು ಹಿಡಿದುಕೊಂಡೇ ಅವರತ್ತ ಬಗ್ಗಿದ. ಹಾಗಾಗಿ ಬೆಟ್ಟಮ್ಮ ಅವನಿಗೆ ಹೇಳಿದ ಮಾತು ಊರಿಗೆಲ್ಲ ಕೇಳಿಸಿತು.

"ಮಗ ಅನ್ಬ್ಯಾಡ ಅಂತು, ಸರಿ ಅಂದೆ. ಮಗ್ಳು ಅಂತಾನೂ ಅನ್ಬ್ಯಾಡ ಅಂತು. ಅದಕ್ಕೂ ಸರಿ ಅಂದೆ. ವಸಿ ದಿನ ಮಾತು ಬುಟ್ಟಿದ್ದೆ, ಸುಳ್ಯಾಕೆ ಯೋಳ್ಲಿ. ಆಮ್ಯಾಕೆ ಎರಡೂ ಅಲ್ದಿದ್ರೇನು, ನನ್ನ ಕೂಸು ಅಲ್ಲ ಅನ್ನಲಿಲ್ವಲ್ಲ ಅಂತ ಸುಮ್ಕಾದೆ. ಇವತ್ತು ಅದ್ಕೇ ಬಂದೆ. ಈಗ ಮನೆ ಕೂಸೂ ಅಲ್ಲ ಅಂತದಾ? ಇದೊಂದ್ಕೆ ನಾ ಒಪ್ಪಾಕಿಲ್ಲ ಕಣಪ್ಪ."

ಪುಟ್ಟರಾಜು ಬಗ್ಗಿದವನು ಬಗ್ಗಿಯೇ ಇದ್ದ. ಆ ಸಂದೇಶದಲ್ಲಿ ಬರೆದದ್ದು ಬರೆದಷ್ಟೇ ಆಗಿತ್ತು ಎಂಬುದು ಅವನಿಗೆ ನಿಧಾನವಾಗಿ ಹೊಳೆಯಿತು. ಹೇಳಿದ್ದನ್ನೇ ಹೇಳುವ ಜನ ಅವನಿಗೆ ಅಷ್ಟಾಗಿ ಸಿಕ್ಕಿರಲಿಲ್ಲ.

ಲೌಡ್‌ಸ್ಪೀಕರಿನಲ್ಲಿ ಅವ್ವನ ದನಿ ಕೇಳಿ ನೇಸರ ಬೂಟುಗಾಲಲ್ಲೇ ಓಡಿಬಂದರು. ಕೈಯಲ್ಲಿ ಅರ್ಧ ಗರಿ. ಹಿಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಲಕ್ಕಮ್ಮ.

"ಏನವ್ವ, ಏನಾಯ್ತು?"

"ಸನ್ಯಾಸ ತಗೊಂತೀಯಂತಲ್ಲ."

"ಯಾರು ಹೇಳಿದ್ದು?"

ಜನರಲ್ಲಿ ಅಪರೂಪದ ಒಗ್ಗಟ್ಟು ಮೂಡಿತು. ಎಲ್ಲರೂ ಪುಟ್ಟರಾಜುವನ್ನು ನೋಡಿದರು. ನೇಸರ ಮಾತ್ರ ವೇದಿಕೆಯನ್ನು ನೋಡಿದರು. ಕಾವಿ ಶಾಲು ನೋಡಿದರು, ರುದ್ರಾಕ್ಷಿ ನೋಡಿದರು, ದಾಸವಾಳ ಮುಡಿದ ಪಾದುಕೆ ನೋಡಿದರು.

"ಇದು ನನ್ನ ಸೈಜಾ?" ಎಂದರು.

ಮೊದಲು ಲಕ್ಕಮ್ಮ ನಕ್ಕಳು. ಆಮೇಲೆ ತಡೆದುಕೊಂಡಿದ್ದವರೆಲ್ಲ ನಕ್ಕರು. ಬೆಟ್ಟಮ್ಮನಿಗೆ ನಗು ಬರಲಿಲ್ಲ. "ಅಂಗಾರೆ ಸನ್ಯಾಸ ಇಲ್ವಾ?" ಎಂದು ಇನ್ನೊಮ್ಮೆ ಕೇಳಿ, ಇಲ್ಲ ಅನ್ನಿಸಿಕೊಂಡ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತರು. ನೇಸರ ಅವರ ಚೀಲ ತೆಗೆದುಕೊಂಡು, "ನಡಿಯವ್ವ, ಮನೆಗೆ ಹೋಗಣ," ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಇಂಥದ್ದನ್ನು ಮೊದಲೂ ಎಷ್ಟೋ ಸಲ ಕಂಡವರ ದನಿ ಅದು.

ಆಗ ಪುಟ್ಟರಾಜು ಮೈಕಿನ ಗುಂಡಿ ಆರಿಸಿದ. ಅವನು ತಾನಾಗಿ ಮೈಕು ಆರಿಸಿದ್ದನ್ನು ಹೋಬಳಿ ಕಂಡಿರಲಿಲ್ಲ. ಕರೆಂಟು ಹೋಯಿತೆಂದು ಹಿಂದಿನ ಸಾಲಿನವರು ಎದ್ದೇಬಿಟ್ಟರು. ಅವನು ವೇದಿಕೆ ಇಳಿದು ಬಂದು ಕೈಮುಗಿದ.

"ತಪ್ಪಾಯ್ತು. ತಮ್ಮ ವಿಸ್ಯನ ತಮ್ಮನ್ನ ಬುಟ್ಟು ಊರೋರ್ನೆಲ್ಲ ಕೇಳ್ದೆ. ಹಾಸನದ ಅಂಗಡಿಯವನ್ನೂ ಕೇಳ್ದೆ. ಈಗ ಕೇಳ್ತೀನಿ. ತಮ್ಮನ್ನ ಏನಂತ ಕರೀಲಿ?"

ನೇಸರ ಚೀಲ ಕೆಳಗಿಟ್ಟರು. "ಇದನ್ನ ಕೇಳಿದೋರೇ ಕಮ್ಮಿ ಪುಟ್ಟರಾಜಣ್ಣ," ಎಂದರು. "ಕೇಳಿದ್ರೆ ಏನು ಹೇಳೋದು ಅಂತ ನಾನೂ ಸರಿಯಾಗಿ ಯೋಚನೆ ಮಾಡಿಲ್ಲ. ಬರೀ ಹೆಸರು ಸಾಕು."

"ಬರೀ ಹೆಸ್ರು ಕೂಗಕ್ಕೆ ನಂಗೆ ನಾಲ್ಗೆ ಬರಲ್ಲ. ಮನೆ ಆಳ್ನ ಕರ್ದಂಗಾಯ್ತದೆ. ಅವ್ವಾರು ಬೇರೆ ಬಂದವ್ರೆ."

ಅದೂ ನಿಜವಾಗಿತ್ತು. ಗೌರವವೂ ಇರಬೇಕು, ಗಂಡೋ ಹೆಣ್ಣೋ ಎಂಬ ಮಾತೂ ಇರಬಾರದು; ಅಂಥದ್ದೇನಿದೆ ಎಂದು ಮೈದಾನವೇ ಯೋಚನೆಗೆ ಬಿತ್ತು. ನಂಜಯ್ಯ 'ಶ್ರೀಯುತ' ಎಂದರು. "ಅದು ಗಂಡಸರ ಕಡೇಗೇ ವಾಲ್ತದೆ," ಎಂದು ಯಾರೋ ತೆಗೆದುಹಾಕಿದರು. "ಬುದ್ಧಿಯೋರು ಅನ್ನಿ, ಮಠದ ಸ್ವಾಮಿಗಳ್ಗೆ ಅಂತೀವಲ್ಲ ಅಂಗೆ," ಎಂದಳು ಒಬ್ಬಳು. "ಅಯ್ಯೋ ಬೇಡ," ಎಂದರು ನೇಸರ, "ಅದಕ್ಕಿಂತ ಪಾದುಕೆನೇ ವಾಸಿ."

ಹೆಂಗಸರ ಕಡೆಯಿಂದ ನಾಗಲಕ್ಷ್ಮಿ ಎದ್ದಳು. ಸ್ತ್ರೀಶಕ್ತಿ ಸಂಘದ ಅರ್ಜಿಗಳನ್ನೆಲ್ಲ ಬರೆಯುವವಳು ಅವಳೇ. "ಅರ್ಜಿ ಬರೆಯೋವಾಗ ಎಲ್ಲಾರ್ಗೂ ಮಾನ್ಯರೇ ಅಂತ ತಾನೆ ಬರೀತೀವಿ. ಕುರ್ಚೀಲಿ ಯಾರು ಕುಂತವ್ರೆ ಅಂತ ಇಣುಕಿ ನೋಡ್ಕಂಡು ಬರೀತೀವಾ?"

ನೇಸರ ತಮ್ಮಷ್ಟಕ್ಕೆ ಒಮ್ಮೆ ಹೇಳಿ ನೋಡಿದರು. "ಮಾನ್ಯ ನೇಸರ." ಹೊಸ ಅಂಗಡಿಯ ಮಿಠಾಯಿಯನ್ನು ಚೂರು ಮುರಿದು ಬಾಯಿಗಿಟ್ಟುಕೊಂಡವರ ಹಾಗೆ ಮೆಲ್ಲಗೆ ಇನ್ನೊಮ್ಮೆ ಅಂದುಕೊಂಡರು. "ಪರವಾಗಿಲ್ಲ. ಇವತ್ತಿಗೆ ಇದಿರ್ಲಿ. ಬಳಸ್ತಾ ಬಳಸ್ತಾ ಹೊಸ ಚಪ್ಪಲಿ ಥರ ಕಚ್ಚಿದ್ರೆ ಬೇರೆ ನೋಡಣ," ಎಂದು ಅವ್ವನ ಕೈ ಹಿಡಿದು ವೇದಿಕೆ ಹತ್ತಿದರು.

ಪುಟ್ಟರಾಜು ಮೈಕು ಹಾಕಿದ. "ಮಾನ್ಯ ನೇಸರ ಅವರು," ಎಂದ. ಅಷ್ಟೇ ಅಂದ. ಅವನ ಗಂಟಲಲ್ಲಿ ಇನ್ನೂ ಏನೇನೋ ಒತ್ತರಿಸಿ ಬರುತ್ತಿದ್ದುದು ಮುಂದಿನ ಸಾಲಿನವರಿಗೆಲ್ಲ ಕಾಣುತ್ತಿತ್ತು. ಆದರೂ ತಡೆದುಕೊಂಡ. ಅವನು ತನ್ನ ಜೀವಮಾನದಲ್ಲಿ ಮಾಡಿದ ಅತಿ ಚಿಕ್ಕ ಭಾಷಣ ಅದು. ಚಪ್ಪಾಳೆ ಮಾತ್ರ ನಿಲ್ಲಲೇ ಇಲ್ಲ. ನೇಸರ ಅವ್ವನ ಕಡೆ ನೋಡಿದರು. ಬೆಟ್ಟಮ್ಮ ಎಲ್ಲರಿಗಿಂತ ಒಂದು ಕ್ಷಣ ತಡವಾಗಿ, ಬುತ್ತಿ ಪಕ್ಕಕ್ಕಿಟ್ಟು, ಚಪ್ಪಾಳೆ ತಟ್ಟುತ್ತಿದ್ದರು.

ಇನ್ನು ಸನ್ಮಾನ. ಯಾವುದಕ್ಕೂ ಇರಲಿ ಎಂದು ನಂಜಯ್ಯ ಗುಟ್ಟಾಗಿ ಒಂದು ಪೇಟ ತರಿಸಿಟ್ಟುಕೊಂಡಿದ್ದರು. ಯಾವುದಕ್ಕೂ ಇರಲಿ ಎಂದು ನಾಗಲಕ್ಷ್ಮಿಯೂ ಹೂವು ಕುಂಕುಮದ ತಟ್ಟೆ ತಂದಿದ್ದಳು. ಇಬ್ಬರೂ ವೇದಿಕೆಯ ಎರಡು ಕಡೆಯಿಂದ ಒಟ್ಟಿಗೆ ಹತ್ತಿ, ಒಬ್ಬರನ್ನೊಬ್ಬರು ಕಂಡು ನಿಂತರು.

"ನೀನು ಮೊದ್ಲು ಮಾಡವ್ವ," ಎಂದು ನಂಜಯ್ಯ ಹಿಂದೆ ಸರಿದರು.

"ಇಲ್ಲ, ಅಧ್ಯಕ್ಷರು ತಾವು ಮಾಡಿ," ಎಂದು ನಾಗಲಕ್ಷ್ಮಿ ಹಿಂದೆ ಸರಿದಳು.

ಇನ್ನೊಂದು ಹೆಜ್ಜೆ ಹಿಂದಿಟ್ಟಿದ್ದರೆ ಇಬ್ಬರೂ ವೇದಿಕೆಯಿಂದ ಬೀಳುತ್ತಿದ್ದರು. ನೇಸರ ನಗುತ್ತ ಕೈಚಾಚಿ ನಾಗಲಕ್ಷ್ಮಿಯ ತಟ್ಟೆಯಿಂದ ಹೂವನ್ನು ತೆಗೆದುಕೊಂಡು ಜೇಬಿಗೆ ಸಿಕ್ಕಿಸಿಕೊಂಡರು. ನಂಜಯ್ಯನವರ ಕೈಯಿಂದ ಪೇಟ ತೆಗೆದುಕೊಂಡು, ಅತ್ತಿತ್ತ ತಿರುಗಿಸಿ ನೋಡಿ, ಪಕ್ಕದಲ್ಲಿದ್ದ ಅವ್ವನ ತಲೆಗಿಟ್ಟರು.

ಪೇಟ ಬೆಟ್ಟಮ್ಮನಿಗೆ ಸ್ವಲ್ಪ ದೊಡ್ಡದಾಗಿ ಹುಬ್ಬಿನ ತನಕ ಇಳಿಯಿತು. ಅವರು ತೆಗೆಯುತ್ತಾರೇನೋ ಎಂದು ಜನ ನೋಡಿದರು. ತೆಗೆಯಲಿಲ್ಲ. ಎರಡು ಕೈಯಲ್ಲೂ ಹಿಡಿದು ನೆಟ್ಟಗೆ ಮಾಡಿಕೊಂಡರು.

ಈಗ ಅವರ ಹೆಸರನ್ನೂ ಮೈಕಿನಲ್ಲಿ ಹೇಳಬೇಕಾಯಿತು. ಪುಟ್ಟರಾಜು 'ಶ್ರೀಮ' ಎಂದವನು ಅಷ್ಟಕ್ಕೇ ತಡೆದು ಅವರತ್ತ ಬಗ್ಗಿದ. ಒಮ್ಮೆ ಸುಟ್ಟುಕೊಂಡಿದ್ದ ಬಾಯಿ. ಕೇಳಿಯೇ ಮುಂದುವರಿಯುವುದು ಕ್ಷೇಮ ಎಂದುಕೊಂಡ.

"ಅವ್ವಾರೇ, ತಮ್ಮನ್ನ ಏನಂತ ಕರೀಲಿ?"

ಬೆಟ್ಟಮ್ಮನನ್ನು ಹಾಗೆ ಯಾರೂ ಕೇಳಿರಲಿಲ್ಲ. ಹುಟ್ಟಿದ ಮನೆಯಲ್ಲಿ ಬೆಟ್ಟಿ ಅಂದರು, ಸೇರಿದ ಮನೆಯಲ್ಲಿ ಇವಳೇ ಅಂದರು, ಕೂಲಿಗೆ ಹೋದ ಶುಂಠಿ ಹೊಲಗಳಲ್ಲಿ ಏಯ್ ಅಂದರು. ಅವರು ಪೇಟದ ಕೆಳಗಿನಿಂದ ಮಗುವಿನ ಮುಖ ನೋಡಿದರು. ನಿನ್ನಿಷ್ಟ ಎನ್ನುವ ಹಾಗೆ ನೇಸರ ತಲೆಯಾಡಿಸಿದರು. ಬೆಟ್ಟಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಾಚುತ್ತ ಹೇಳಿದರು:

"ನೀನು ಎಲ್ಲಾರ್ಗೂ ದೊಡ್ಡ ದೊಡ್ಡದಾಗಿ ಕರೀತೀಯಂತೆ. ಬಾಗ್ಲಲ್ಲಿ ಎಂಗಸ್ರು ಅಂತಿದ್ರು. ನಮ್ಮ ಕೂಸಿಗೆ ಬ್ಯಾಡ, ಸರಿ. ನಂಗ್ ಬೇಕು ಕಣಪ್ಪ."

ಪುಟ್ಟರಾಜುವಿನ ಕಣ್ಣು ತುಂಬಿಕೊಂಡಿತು. ಅವನು ಎದೆತುಂಬ ಉಸಿರೆಳೆದುಕೊಂಡು, ಮೈಕಿನ ದನಿ ಜೋರು ಮಾಡಿ, ಕಟ್ಟೆಯೊಡೆದಂತೆ ಶುರು ಮಾಡಿದ. ಅರಕಲಗೂಡಿನ ಅನರ್ಘ್ಯ ರತ್ನ ಎಂದ. ಸಹನೆಯಲ್ಲಿ ಭೂಮಿ ತೂಕದವರು ಎಂದ. ಮಾತೃಕುಲ ಚೂಡಾಮಣಿ ಎಂದ. ಹಾಸನ ಜಿಲ್ಲೆಯ ಹೆಮ್ಮೆ ಎಂದ, ಸಾಲದೆನಿಸಿ ಆಸುಪಾಸಿನ ಜಿಲ್ಲೆಗಳನ್ನೂ ಸೇರಿಸಿದ. ಒಂದೊಂದಕ್ಕೂ ಜನ ಚಪ್ಪಾಳೆ ಹೊಡೆದರು, ನೇಸರ ಎಲ್ಲರಿಗಿಂತ ಜೋರಾಗಿ ಹೊಡೆದರು. ಕೊನೆಗೆ ಉಸಿರು ಸಾಲದೆ ಪುಟ್ಟರಾಜು ನಿಂತು ನೀರಿನ ಲೋಟಕ್ಕೆ ಕೈಚಾಚಿದ.

ಬೆಟ್ಟಮ್ಮ ಪೇಟವನ್ನು ಹುಬ್ಬಿನಿಂದ ಮೇಲಕ್ಕೆ ಸರಿಸಿ ಅವನನ್ನು ನೋಡಿದರು.

"ನಿಲ್ಲಿಸ್ಬ್ಯಾಡ ಕಣಪ್ಪ," ಎಂದರು. "ಕುಡುದ್ಬುಟ್ಟು ಯೋಳು."